ಚಾರ್‌ಮಿನಾರ್ ಗಲ್ಲಿಯ ನಗು, ಕಲಬುರಗಿಯ ಬೇರು

ಇಸ್ಮಾಯಿಲ್ ಭಾಯಿಗೆ ಕೈಗಿಂತ ಬಾಯಿ ಮುಂದು. ಚಾರ್‌ಮಿನಾರಿನ ಸುತ್ತ ಠಳಾಯಿಸುವ ಅವನ ದಂಡಿಗೆ ಕೆಲಸವಿಲ್ಲ, ಕಾಸಿಲ್ಲ. ಆದರೆ ಯಾರನ್ನು ಎಲ್ಲಿ ಹೇಗೆ ಹೊಡೆಯಬೇಕೆಂಬ ಯೋಜನೆಗೆ ಮಾತ್ರ ಬರವಿಲ್ಲ. 1976ರ ಹಾಲಿವುಡ್ ಚಿತ್ರ ‘ರಾಕಿ’ಯಲ್ಲಿ ಫಿಲಡೆಲ್ಫಿಯಾದ ಬಡ ಬೀದಿಗಳು ಇಟಾಲಿಯನ್ ಮೂಲದ ಬಾಕ್ಸರನೊಬ್ಬನನ್ನು ಬೆಳೆಸಿ ಅಖಾಡಕ್ಕೆ ಕಳಿಸುತ್ತವೆ. ಹೈದರಾಬಾದಿನ ಹಳೇಪೇಟೆ 2000ರ ದಶಕದ ನಡುಭಾಗದಲ್ಲಿ ತೆರೆಗೆ ಕೊಟ್ಟದ್ದು ಮಾತಿನಲ್ಲೇ ಎಲ್ಲರನ್ನೂ ನೆಲಕ್ಕೆ ಕೆಡಹುವ ಜಟ್ಟಿಗಳನ್ನು.

ಚಿತ್ರದ ಹೆಸರು ‘ದಿ ಅಂಗ್ರೇಜ್’. ನಿರ್ದೇಶಕ ಕುಂಟಾ ನಿಖಿಲ್, ತಾವೇ ಒಂದು ಮುಖ್ಯ ಪಾತ್ರವನ್ನೂ ಮಾಡಿದರು. ಅಮೆರಿಕದಿಂದ ಐಟಿ ಕೆಲಸಕ್ಕೆ ಬಂದ ಇಬ್ಬರು ಗೆಳೆಯರು ಚಾರ್‌ಮಿನಾರ್ ನೋಡಲು ಹೋಗಿ ಇಸ್ಮಾಯಿಲ್ ಭಾಯಿಯ ದಂಡಿನೊಂದಿಗೆ ಜಗಳಕ್ಕೆ ಬೀಳುತ್ತಾರೆ. ಮಾನ ಹೋಯಿತೆಂದು ದಂಡು ಸೇಡಿಗೆ ಹೊರಡುತ್ತದೆ. ಇಸ್ಮಾಯಿಲ್ ಆಗಿ ಧೀರ್ ಚರಣ್ ಶ್ರೀವಾಸ್ತವ್, ಬುರುಡೆ ಬಿಡುವುದನ್ನೇ ಕಸುಬು ಮಾಡಿಕೊಂಡ ಸಲೀಂ ಫೇಕು ಆಗಿ ಮಸ್ತ್ ಅಲಿ, ಜಹಾಂಗೀರ್ ಆಗಿ ಅಜೀಜ್ ನಾಸರ್. ಈ ಮೂವರ ಮಾತನ್ನು ಹೈದರಾಬಾದಿನ ಹುಡುಗರು ಬಾಯಿಪಾಠ ಮಾಡಿಕೊಂಡರು. 2006ರಲ್ಲಿ ಲಕ್ಷ್ಮೀಕಾಂತ್ ಚೆನ್ನ ಅವರ ‘ಹೈದರಾಬಾದ್ ನವಾಬ್ಸ್’ ಬಂತು. ಊರಿನ ಆಡುನುಡಿಯಾದ ದಖನಿಯ ಸಣ್ಣ ಬಂಡವಾಳದ ಚಿತ್ರಗಳಿಗೆ ಮಾರುಕಟ್ಟೆಯಿದೆ ಎಂಬುದು ಖಾತ್ರಿಯಾಯಿತು.

ಕಥೆಯ ಕಸುವು ಆ ಸೇಡಿನಲ್ಲಿಲ್ಲ, ಊರಿನ ಎರಡು ಹೋಳುಗಳಲ್ಲಿದೆ. 1591ರಲ್ಲಿ ಕಟ್ಟಿದ ಚಾರ್‌ಮಿನಾರ್ ಮೂಸಿ ನದಿಯ ಈಚೆ ದಡಕ್ಕೆ, 1998ರಲ್ಲಿ ಬಾಗಿಲು ತೆರೆದ ಸೈಬರ್ ಟವರ್ಸ್ ಆಚೆ, ಬಹುದೂರಕ್ಕೆ. ಗಾಜಿನ ಕಟ್ಟಡಗಳ ಹೈದರಾಬಾದನ್ನು ಪತ್ರಿಕೆಗಳು ಕೊಂಡಾಡುತ್ತಿದ್ದ ದಿನಗಳಲ್ಲಿ ಇರಾನಿ ಚಹಾದ ಮುಂದೆ ಕುಳಿತ ನಿರುದ್ಯೋಗಿಗಳಿಗೆ ಈ ಚಿತ್ರ ಮಾತು ಕೊಟ್ಟಿತು. ಅದೂ ಅವರದೇ ಮಾತು.

ಆ ಮಾತಿನ ಜಾತಕ ಹುಡುಕಹೊರಟರೆ ದಾರಿ ಕನ್ನಡ ನಾಡಿಗೇ ಬರುತ್ತದೆ. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು, ಮುಂದಿನ ಶತಮಾನದಲ್ಲಿ ಬೀದರಿಗೆ ಹೋದರು. ದೆಹಲಿ ಕಡೆಯಿಂದ ಬಂದ ಆಡುನುಡಿ ಇಲ್ಲಿನ ಕನ್ನಡ, ಮರಾಠಿ, ತೆಲುಗುಗಳ ನಡುವೆ ಬೆಳೆದು ದಖನಿಯಾಯಿತು. ಸೂಫಿಗಳು ಜನರೊಂದಿಗೆ ಬೆರೆತದ್ದು ಈ ನುಡಿಯಲ್ಲಿ. ಬೀದರಿನ ಬಹಮನಿ ಕಾಲದಲ್ಲಿ ನಿಜಾಮಿ ಬರೆದ ‘ಕದಮ್ ರಾವ್ ಪದಮ್ ರಾವ್’ ದಖನಿಯ ಮೊದಲ ದೀರ್ಘ ಕಾವ್ಯವೆಂದು ಹೆಸರಾಗಿದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬ್-ಎ-ನವ್‌ರಸ್’ ಬರೆದ, ಹೈದರಾಬಾದ್ ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಶಾಹ ಸ್ವತಃ ದಖನಿ ಕವಿ.

ಅರಸರ ನುಡಿಯಾಗಿದ್ದದ್ದು ನಗೆಪಾಟಲಿನ ನುಡಿ ಆದದ್ದು ಹೇಗೆ? 1687ರಲ್ಲಿ ಗೋಲ್ಕೊಂಡ ಮೊಘಲರ ಕೈಸೇರಿದ ಮೇಲೆ ಉತ್ತರದ ನಯಗಾರಿಕೆಯ ಉರ್ದುವಿಗೆ ಮಾನ ಬಂತು. ದಖನಿ ಮನೆ, ಸಂತೆ, ಗಲ್ಲಿಗಳಲ್ಲಿ ಉಳಿಯಿತು. ‘ನಕ್ಕೊ’ (ಬೇಡ), ‘ಹೌ’ (ಹೌದು), ‘ಕೈಕು’ (ಯಾಕೆ) ಎಂದವರನ್ನು ಓದಿದವರು ಹಳ್ಳಿಗರೆಂದು ಕಂಡರು.

ಆ ಕಸಿವಿಸಿಯಿಂದಲೇ ಹಾಸ್ಯದ ಫಸಲು ಬಂದದ್ದು ದೊಡ್ಡ ಸಂಗತಿ. ‘ಜಿಂದಾ ದಿಲಾನ್-ಎ-ಹೈದರಾಬಾದ್’ ಎಂಬ ವಿನೋದಪ್ರಿಯರ ಬಳಗ 1962ರಲ್ಲಿ ಹುಟ್ಟಿತು, 1968ರಲ್ಲಿ ‘ಶಗೂಫಾ’ ಎಂಬ ಹಾಸ್ಯಪತ್ರಿಕೆ ಬಂತು. ಹಾಸ್ಯ ಮುಷಾಯಿರಾ ಎಂಬ ಕವಿಗೋಷ್ಠಿಗಳಲ್ಲಿ ಜನ ಬೆಳಗಿನ ಜಾವದವರೆಗೂ ಕದಲುತ್ತಿರಲಿಲ್ಲ. 1965 ಎಂಬ ಒಂದೇ ವರ್ಷದಲ್ಲಿ ಎರಡು ಬಗೆಯ ನಗು ಎದುರುಬದುರಾದವು. ಮುಂಬೈಯ ‘ಗುಮ್‌ನಾಮ್’ ಚಿತ್ರದಲ್ಲಿ ಮೆಹಮೂದ್ ಬಾಣಸಿಗ ಬಟ್ಲರನಾಗಿ ದಖನಿ ಆಡಿ ಇಡೀ ದೇಶವನ್ನು ನಗಿಸಿದರು. ಅಲ್ಲಿ ಉಚ್ಚಾರವೇ ತಮಾಷೆ. ಇತ್ತ ಹೈದರಾಬಾದಿನಲ್ಲಿ ಬಬ್ಬನ್ ಖಾನ್ ‘ಅದ್ರಕ್ ಕೆ ಪಂಜೆ’ ನಾಟಕ ಶುರುಮಾಡಿದರು. ಮಕ್ಕಳ ಹಿಂಡು ಹೊತ್ತ ಬಡ ಸಂಸಾರಿಯೊಬ್ಬನ ಪಾಡು ಅದರ ವಸ್ತು. 2001ರವರೆಗೆ ಹತ್ತು ಸಾವಿರಕ್ಕೂ ಮಿಕ್ಕಿ ಪ್ರದರ್ಶನ ಕಂಡಿತು. ಇಲ್ಲಿ ದಖನಿ ನಗಿಸಲು ಹಚ್ಚಿಕೊಂಡ ಬಣ್ಣವಲ್ಲ, ಸಾಲಗಾರರಿಗೆ ತಲೆತಪ್ಪಿಸಿಕೊಂಡು ಬದುಕುವವರ ದಿನದ ನುಡಿ. ‘ಅಂಗ್ರೇಜ್’ ಹಿಡಿದದ್ದು ಬಬ್ಬನ್ ಖಾನರ ದಾರಿಯನ್ನೇ.

ಈ ನಗೆಯ ಹಿರಿಯರಲ್ಲಿ ಇಬ್ಬರು ನಮ್ಮ ನೆಲದವರು ಎಂಬುದನ್ನು ಕನ್ನಡದ ಓದುಗರು ಮರೆಯಬಾರದು. ಸುಲೇಮಾನ್ ಖತೀಬ್ 1922ರಲ್ಲಿ ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಕವಿ. ‘ಕೇವಡೇ ಕಾ ಬನ್’ ಅವರ ಸಂಕಲನ. ಅವರ ‘ಸಾಸ್ ಬಹು’ ಅತ್ತೆ ಸೊಸೆಯರ ಜಟಾಪಟಿಯ ಪದ್ಯ. ಹೆಂಗಸರ ಬೈಗುಳ, ಗಾದೆ, ಗೊಣಗಾಟ ಎಲ್ಲವನ್ನೂ ಅವರು ಕವಿತೆಯ ಒಳಕ್ಕೆ ಕರೆತಂದರು. ನಗುತ್ತ ಕುಳಿತ ಸಭೆ ನಡುವೆಯೇ ಗಂಟಲು ಕಟ್ಟಿ ಸುಮ್ಮನಾಗುವಂತೆ ಮಾಡಬಲ್ಲ ಶಕ್ತಿ ಆ ಪದ್ಯಗಳಿಗಿದೆ. ಇನ್ನೊಬ್ಬರು ಕಲಬುರಗಿ ಜಿಲ್ಲೆಯಲ್ಲಿ 1936ರಲ್ಲಿ ಹುಟ್ಟಿದ ಮುಜ್ತಬಾ ಹುಸೇನ್. 1962ರಲ್ಲಿ ‘ಸಿಯಾಸತ್’ ಪತ್ರಿಕೆಯಲ್ಲಿ ವಿನೋದದ ಅಂಕಣ ಹಿಡಿದರು, 2007ರಲ್ಲಿ ಪದ್ಮಶ್ರೀ ಪಡೆದರು, 2020ರಲ್ಲಿ ತೀರಿಕೊಂಡರು. ಅವರದು ಪರಿಷ್ಕೃತ ಉರ್ದು ಗದ್ಯ, ಖತೀಬರದು ಗಲ್ಲಿಯ ದಖನಿ. ಆದರೂ ಇಬ್ಬರ ಬೇರೂ ಒಂದೇ ಸೀಮೆಯದು. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಕಾಗದದ ಮೇಲೆ ಗೆರೆ ಬಿತ್ತು. ಮುಷಾಯಿರಾ ಮಾತ್ರ ಗೆರೆಯ ಎರಡೂ ಕಡೆ ನಡೆಯುತ್ತಲೇ ಇತ್ತು.

ತೆರೆಯ ಮೇಲೆ ದಖನಿ ಬರೀ ನಗೆಗಲ್ಲ ಎಂದು ತೋರಿಸಿದವರು ಶ್ಯಾಮ್ ಬೆನೆಗಲ್. ಅವರ ‘ಅಂಕುರ್’ (1974) ಜಮೀನ್ದಾರಿಯ ಕ್ರೌರ್ಯವನ್ನು ಈ ನುಡಿಯಲ್ಲೇ ಹೇಳಿತು. 2010ರ ‘ವೆಲ್ ಡನ್ ಅಬ್ಬಾ’ದಲ್ಲಿ ಅವರೇ ಮತ್ತೆ ಅದರಿಂದ ನಗು ತೆಗೆದರು. ಲಂಚಕೋರರು ಕಾಗದದ ಮೇಲೆ ಮಾತ್ರ ತೋಡಿದ ಬಾವಿಯೊಂದು ಕಳುವಾಗಿದೆ ಎಂದು ಅಪ್ಪ ಮಗಳು ದೂರು ಕೊಡುವ ಕಥೆ ಅದು.

‘ಅಂಗ್ರೇಜ್’ ಗೆದ್ದ ಮೇಲೆ ಸಾಲುಸಾಲು ಚಿತ್ರಗಳು ಬಂದವು. 2015ರಲ್ಲಿ ಅದರ ಎರಡನೇ ಭಾಗವೂ ಬಂತು. ಅದೇ ನಟರು, ಅದೇ ಪುಂಡರು, ಅದೇ ಬುರುಡೆ. ಮೊದಲ ಚಿತ್ರದಲ್ಲಿದ್ದ ಊರಿನ ಎರಡು ಹೋಳುಗಳ ಜಗಳ ಕರಗಿ ಬರೀ ಬೈಗುಳ ಉಳಿಯಿತು. ಅದಕ್ಕಿಂತ ದೊಡ್ಡ ಕೊರತೆ ಹೆಂಗಸರದು. ಗಲ್ಲಿಯಲ್ಲಿ ಗಂಡಸರು ಬಡಾಯಿ ಕೊಚ್ಚುವಾಗ ಮನೆಯೊಳಗೆ ಯಾರು ಏನು ಹೇಳಿ ನಕ್ಕರು ಎಂಬುದಕ್ಕೆ ಈ ಚಿತ್ರಗಳು ಹೆಚ್ಚು ಕಿವಿಗೊಡಲಿಲ್ಲ. ಖತೀಬರು ಕಿವಿಗೊಟ್ಟಿದ್ದರು. ಅವರ ಅತ್ತೆ ಸೊಸೆಯರನ್ನು ಕಲಬುರಗಿಯ ಓಣಿಗಳಲ್ಲೇ ಕ್ಯಾಮೆರಾ ಇಟ್ಟು ತೆರೆಗೆ ತರುವ ನಿರ್ದೇಶಕರು ಬೇಕಾಗಿದ್ದಾರೆ. ಮಾತು, ಪಾತ್ರ, ನೋಡುವ ಜನ ಎಲ್ಲವೂ ಅಲ್ಲಿ ತಯಾರಿವೆ.