ದಾನದಿಂದ ಕಾಯಕಕ್ಕೆ: ದಕ್ಷಿಣ ಕನ್ನಡದಲ್ಲಿ ಸಮಾಜಸೇವೆಯ ಬೆಳವಣಿಗೆ

ಬೆಳ್ತಂಗಡಿ ತಾಲೂಕಿನ ಅಳದಂಗಡಿಯು ಅಜಿಲ ಅರಸರ ಅರಮನೆಯಿಂದ ಪ್ರಸಿದ್ಧವಾದ ಊರು. ಆ ವಂಶದ ತಿಮ್ಮಣ್ಣ ಅಜಿಲರು 1604ರಲ್ಲಿ ಸಮೀಪದ ವೇಣೂರಿನಲ್ಲಿ ಬಾಹುಬಲಿಯ ಮೂರ್ತಿಯನ್ನು ಪ್ರತಿಷ್ಠಾಪಿಸಿದರು. ಅಂದಿನ ಕಾಲದಲ್ಲಿ ಲೋಕೋಪಕಾರವೆಂದರೆ ಅರಸರ ಮತ್ತು ಸಿರಿವಂತರ ದಾನಧರ್ಮವೇ ಆಗಿದ್ದಿತು. ದಾನದಿಂದ ಹಸಿವು ಅಡಗಿತೇ ಹೊರತು ಹೀನಸ್ಥಿತಿಯು ಅಳಿಯಲಿಲ್ಲ. ಹೀನಸ್ಥಿತಿಯನ್ನೇ ಅಳಿಸಲು ಜೀವಮಾನವನ್ನು ಮುಡಿಪಾಗಿಡುವ ಸೇವೆಯು ಈ ಜಿಲ್ಲೆಯಲ್ಲಿ ಬೆಳೆದುಬಂದ ಬಗೆಯು ವಿಚಾರಾರ್ಹವಾಗಿದೆ.

ಈ ಮಾರ್ಗದಲ್ಲಿ ಮೊದಲಿಗರಾಗಿ ಸ್ಮರಣೀಯರು ಕುದ್ಮುಲ್ ರಂಗರಾಯರು (1859–1928). ಮಂಗಳೂರಿನಲ್ಲಿ ವಕೀಲರಾಗಿದ್ದ ಈ ಮಹನೀಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಮಗುವು ಶಾಲೆಗೆ ಹೋದರೆ ಬಡವನ ಮನೆಗೆ ಅದರ ದುಡಿಮೆಯು ತಪ್ಪುವುದು; ಇದನ್ನರಿತು, ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆಗಳನ್ನು ಕೊಡಿಸುತ್ತಿದ್ದರೆಂದು ಹೇಳುವರು. ಅಕ್ಷರದೊಡನೆ ಕೈಕಸಬನ್ನೂ ಕಲಿಸಿದರು. ಸ್ವಜಾತಿಯವರ ಬಹಿಷ್ಕಾರಕ್ಕೆ ಗುರಿಯಾದರೂ ಹಿಂಜರಿಯಲಿಲ್ಲ. ಈ ಮಕ್ಕಳಲ್ಲೊಬ್ಬನು ವಿದ್ಯಾವಂತನಾಗಿ ಕಾರಿನಲ್ಲಿ ಸಾಗುವಾಗ, ಎದ್ದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಹಂಬಲವಾಗಿದ್ದಿತು. ಸೇವೆಯ ಫಲವನ್ನಳೆಯಲು ಇದಕ್ಕಿಂತ ಮಿಗಿಲಾದ ಅಳತೆಗೋಲು ದುರ್ಲಭ.

ಒಬ್ಬರ ತ್ಯಾಗವು ಅವರೊಡನೆಯೇ ಮುಗಿಯದಿರಬೇಕಾದರೆ ಅದು ಕಲಿಯತಕ್ಕ ವಿದ್ಯೆಯಾಗಬೇಕು. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯವೆಂಬ ಸಮಾಜಕಾರ್ಯ ವಿದ್ಯಾಲಯವು ಆರಂಭವಾಗಿ, ಸೇವೆಯು ಶಾಸ್ತ್ರೀಯ ಅಧ್ಯಯನದ ವಿಷಯವಾಯಿತು.

ಮೂರನೆಯ ಘಟ್ಟವು ಬೆಳ್ತಂಗಡಿ ಸೀಮೆಯಲ್ಲಿಯೇ ಒದಗಿತು. 1974ರ ಭೂಸುಧಾರಣೆಯಿಂದ ಗೇಣಿದಾರರಿಗೆ ನೆಲವೇನೋ ದೊರೆಯಿತು. ಅದನ್ನು ಹಸನುಗೊಳಿಸುವ ಬಂಡವಾಳವು ಅವರಲ್ಲಿರಲಿಲ್ಲ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಗ್ರಾಮಾಭಿವೃದ್ಧಿ ಯೋಜನೆಯನ್ನು ಈ ತಾಲೂಕಿನಲ್ಲಿ ಪ್ರಾರಂಭಿಸಿದರು. ಅನಂತರ ಮೂಡಿದ ಪ್ರಗತಿಬಂಧು ತಂಡಗಳಲ್ಲಿ ಕೆಲವೇ ಮಂದಿ ಸಣ್ಣ ರೈತರು ಕೂಡಿ, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಹೊಲದಲ್ಲಿ ದುಡಿಯುವರು. ಇದು ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯೇ ಹೊಸ ರೂಪವನ್ನು ತಾಳಿದುದು. ಮನೆಮನೆಗೂ ಹೋಗಿ ಇವರನ್ನು ಒಗ್ಗೂಡಿಸುವ ಕಾರ್ಯಕರ್ತರಿಗೆ ‘ಸೇವಾನಿರತ’ರೆಂದು ಹೆಸರು. ಹಳ್ಳಿಯ ಯುವಕಯುವತಿಯರಿಗೆ ಸೇವೆಯು ಹೀಗೆ ಜೀವನೋಪಾಯವೂ ಆಯಿತು.

ವೇತನವನ್ನು ಪಡೆದು ಮಾಡುವುದು ಸೇವೆಯೆನಿಸೀತೇ ಎಂದು ಕೆಲವರು ಶಂಕಿಸುವರು. ಶರಣರ ಕಾಯಕತತ್ತ್ವವನ್ನು ಬಲ್ಲವರಿಗೆ ಈ ಶಂಕೆಯಿರಲಾರದು. ಅವರು ದುಡಿಮೆಯಿಂದ ಬದುಕುವುದನ್ನು ಕೀಳೆಂದು ಬಗೆಯಲಿಲ್ಲ. ದುಡಿಯದೆ ಉಣ್ಣುವುದನ್ನು ಒಪ್ಪಲಿಲ್ಲ. ದೋಷವಿರುವುದು ವೇತನದಲ್ಲಲ್ಲ, ಲೆಕ್ಕದ ಪುಸ್ತಕವು ತುಂಬಿದೊಡನೆ ಸೇವೆಯು ಮುಗಿಯಿತೆಂದು ತಿಳಿಯುವುದರಲ್ಲಿ. ನೆರವನ್ನು ಪಡೆದವನು ನಾಳೆ ನೆರೆಯವನಿಗೆ ನೆರವಾಗುವಂತಾದರೆ ಆ ಸೇವೆಯು ಫಲಿಸಿತು. ಇಂದು ಕೈಚಾಚಿದವನು ನಾಳೆಯೂ ಕೈಚಾಚಿಯೇ ನಿಂತರೆ ಅದು ಹಳೆಯ ದಾನವೇ ಸರಿ. ರಂಗರಾಯರು ಬಯಸಿದ ಆ ಧೂಳು ಊರೂರ ಹಾದಿಯಲ್ಲಿ ಏಳುವಂತೆ ಮಾಡುವುದೇ ಸೇವಾವೃತ್ತಿಯನ್ನು ಕೈಗೊಂಡವರ ಪರಮ ಕರ್ತವ್ಯವಾಗಿದೆ.