ಎಲೆಕ್ಟ್ರಾನಿನ ಚಿಲ್ಲರೆ ಲೆಕ್ಕ



ರೇಡಿಯೋದಲ್ಲಿ ಕನ್ನಡ ಹುಡುಕುವಾಗ 'ಮೆಗಾಹರ್ಟ್ಸ್' ಎಂಬ ಪದ ನಿಮ್ಮ ಕಣ್ಣಿಗೋ ಕಿವಿಗೋ ಬಿದ್ದೇ ಇರುತ್ತದೆ. ಆ ಹೆಸರು ಬಂದದ್ದು ಜರ್ಮನಿಯ ಹೈನ್ರಿಕ್ ಹರ್ಟ್ಸ್ ಅವರಿಂದ. ರೇಡಿಯೋ ಅಲೆಗಳನ್ನು ಹುಟ್ಟಿಸಿ, ಹಿಡಿದು ತೋರಿಸಿದವರು ಎಂದು ಅವರನ್ನು ಎಲ್ಲರೂ ಬಲ್ಲರು. ಅದೇ ಪ್ರಯೋಗದ ನಡುವೆ ಅವರಿಗೆ ಎದುರಾದ ಒಂದು ಕಿರಿಕಿರಿಯಿಂದ ಬೇರೊಂದು ವಿಜ್ಞಾನವೇ ಹುಟ್ಟಿತು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ.

1887ರಲ್ಲಿ ಕಾರ್ಲ್ಸ್‌ರೂಹೆ ಊರಿನಲ್ಲಿ ಹರ್ಟ್ಸ್ ಎರಡು ಕಿಡಿಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಒಂದು ಕಡೆ ದೊಡ್ಡ ಕಿಡಿ ಹಾರಿದರೆ, ದೂರದ ತಂತಿಯ ಸುರುಳಿಯಲ್ಲಿ ಸಣ್ಣ ಕಿಡಿ ಹಾರಬೇಕು. ಅಲೆ ಬಂದು ಮುಟ್ಟಿತು ಎನ್ನುವುದಕ್ಕೆ ಅದೇ ಸಾಕ್ಷಿ. ಸಣ್ಣ ಕಿಡಿ ಸರಿಯಾಗಿ ಕಾಣಲೆಂದು ಅದಕ್ಕೊಂದು ಕತ್ತಲೆ ಪೆಟ್ಟಿಗೆ ಮುಚ್ಚಿದರು. ಕಿಡಿ ಇನ್ನೂ ಕುಗ್ಗಿತು! ಬೇರೆಯವರಾಗಿದ್ದರೆ ಪೆಟ್ಟಿಗೆ ತೆಗೆದಿಟ್ಟು ಮುಂದೆ ಹೋಗುತ್ತಿದ್ದರೇನೋ. ಹರ್ಟ್ಸ್ ಮುಖ್ಯ ಕೆಲಸವನ್ನು ಬದಿಗಿಟ್ಟು, ತಿಂಗಳುಗಟ್ಟಲೆ ಇದರ ಹಿಂದೆಯೇ ಬಿದ್ದರು. ಎರಡು ಕಿಡಿಗಳ ನಡುವೆ ಗಾಜು ಇಟ್ಟರೆ ಕಿಡಿ ಕುಗ್ಗುತ್ತದೆ. ಸ್ಫಟಿಕ ಶಿಲೆಯ ಹಲಗೆ ಇಟ್ಟರೆ ಕುಗ್ಗುವುದಿಲ್ಲ. ಗಾಜು ತಡೆದು ಸ್ಫಟಿಕ ಬಿಡುವಂಥದ್ದು ನೇರಳಾತೀತ ಬೆಳಕು. ದೊಡ್ಡ ಕಿಡಿಯಿಂದ ಬಂದ ಆ ಬೆಳಕು ಸಣ್ಣ ಕಿಡಿಗೆ ನೆರವಾಗುತ್ತಿದೆ ಎಂದು ಅವರು ಬರೆದರು. ಹೇಗೆ ಎಂಬುದಕ್ಕೆ ಯಾವ ಸಿದ್ಧಾಂತವನ್ನೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ, ಏಕೆಂದರೆ ಎಲೆಕ್ಟ್ರಾನ್ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅದು ಪತ್ತೆಯಾದದ್ದು 1897ರಲ್ಲಿ. ಹರ್ಟ್ಸ್ 1894ರಲ್ಲೇ, 36ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಬೆಳಕು ಲೋಹದಿಂದ ಎಲೆಕ್ಟ್ರಾನನ್ನು ಕೀಳುತ್ತದೆ ಎಂದು ಖಚಿತವಾದ ಮೇಲೆ ಒಗಟು ಇನ್ನೂ ಬಿಗಿಯಾಯಿತು. ಹರ್ಟ್ಸ್ ಅವರ ಶಿಷ್ಯ ಫಿಲಿಪ್ ಲೆನಾರ್ಡ್ 1902ರಲ್ಲಿ ಕಂಡದ್ದು ಇದು: ದೀಪ ಎಷ್ಟೇ ಪ್ರಖರವಾಗಿರಲಿ, ಹೊರಬರುವ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದೊಂದರ ರಭಸ ಹೆಚ್ಚುವುದಿಲ್ಲ. ಬೆಳಕು ಬರೀ ಅಲೆಯಾಗಿದ್ದರೆ ಹೀಗಾಗಬಾರದು. 1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ಗುಮಾಸ್ತ ಐನ್‌ಸ್ಟೈನ್ ಬಿಡಿಸಿದ್ದು ಈ ಒಗಟನ್ನೇ. ಬೆಳಕು ಗಂಟುಗಂಟಾಗಿ ಬರುತ್ತದೆ. ಒಂದು ಗಂಟು ಒಂದು ಎಲೆಕ್ಟ್ರಾನಿಗೆ.

ನೀವು ಅಂಗಡಿಗೆ ಹೋಗಿ ನೂರರ ನೋಟು ಕೊಟ್ಟಿರಿ ಎನ್ನಿ. ಮೂವತ್ತು ರೂಪಾಯಿ ಚಿಲ್ಲರೆ ಬಂತು. ಸಾಮಾನಿನ ಮೇಲೆ ಬೆಲೆ ಬರೆದಿರದಿದ್ದರೂ ಎಪ್ಪತ್ತು ಎಂದು ನಿಮಗೆ ಗೊತ್ತಾಯಿತು. ಬೆಳಕಿನ ಗಂಟು ಆ ನೋಟು, ಎಲೆಕ್ಟ್ರಾನಿನ ಓಟ ಚಿಲ್ಲರೆ. ಕಳೆದು ಉಳಿದದ್ದು, ಎಲೆಕ್ಟ್ರಾನನ್ನು ಅದರ ಮನೆಯಿಂದ ಬಿಡಿಸಲು ತೆರಬೇಕಾದ ಬೆಲೆ.

ಇದನ್ನು ನಂಬಿದವರು ಕಡಿಮೆ. ಶಿಕಾಗೋದ ರಾಬರ್ಟ್ ಮಿಲಿಕನ್ ಅಂತೂ ಇದು ತಪ್ಪೆಂದು ತೋರಿಸಲೆಂದೇ ಹೊರಟವರು. ನಿರ್ವಾತದ ಗಾಜಿನ ಬುರುಡೆಯೊಳಗೆ ಚೂರಿ ಇಟ್ಟು, ಹೊರಗಿನಿಂದ ಅದನ್ನು ಆಡಿಸಿ, ಸೋಡಿಯಂ ಲೋಹದ ಮೈಯನ್ನು ಹೆರೆದು ಹೆರೆದು ಅಳೆದರು. ವರ್ಷಗಳ ಕೆಲಸದ ಕೊನೆಗೆ, 1916ರಲ್ಲಿ, ಐನ್‌ಸ್ಟೈನರ ಸೂತ್ರ ಚಾಚೂ ತಪ್ಪದೆ ಸರಿಬಂತು. ಆದರೂ ಅದರ ಹಿಂದಿನ ಕಲ್ಪನೆಯನ್ನು ಅವರು ಆಗ ಒಪ್ಪಲಿಲ್ಲ. ಸೂತ್ರ ಸರಿ, ತರ್ಕ ದುಡುಕಿನದು ಎಂಬ ಧಾಟಿಯಲ್ಲೇ ಬರೆದರು. ತನಗೆ ಬೇಡದ ಫಲಿತಾಂಶವನ್ನು ಅಷ್ಟು ಪ್ರಾಮಾಣಿಕವಾಗಿ ಅಚ್ಚಿಗೆ ಕೊಟ್ಟ ಮಿಲಿಕನ್ನರ ಬಗ್ಗೆ ನನಗೆ ಐನ್‌ಸ್ಟೈನರಿಗಿಂತ ಒಂದು ತೂಕ ಹೆಚ್ಚೇ ಗೌರವ. ಲೆನಾರ್ಡ್ ಹಿಡಿದ ದಾರಿ ಬೇರೆ. ಅವರು ಮುಂದೆ ನಾಜಿಗಳ ಜೊತೆ ಸೇರಿ, ಐನ್‌ಸ್ಟೈನರ ವಿಜ್ಞಾನವನ್ನು ಯಹೂದಿ ವಿಜ್ಞಾನವೆಂದು ಜರೆದರು.

ಇಲ್ಲಿಯವರೆಗಿನದು ಶಾಲೆಯ ಪುಸ್ತಕದಲ್ಲೂ ಇದೆ. ಅಲ್ಲಿಲ್ಲದ ಕಥೆ ಮುಂದಿನದು. ಲೋಹದ ತುಂಡನ್ನು ಬಿಟ್ಟು, ಒಂದೊಂದು ಅಣುವಿನ ಒಳಗಿನ ಬೆಲೆಪಟ್ಟಿಯನ್ನೇ ಓದಬಹುದಲ್ಲವೇ?

ಓದಲು ಒಂದು ತೊಡಕಿತ್ತು. ಘನವಸ್ತುವಿನ ಆಳದಿಂದ ಹೊರಟ ಎಲೆಕ್ಟ್ರಾನ್ ದಾರಿಯಲ್ಲಿ ಅಲ್ಲಿ ಇಲ್ಲಿ ಡಿಕ್ಕಿ ಹೊಡೆದು ಚಿಲ್ಲರೆ ಕಳೆದುಕೊಂಡೇ ಬರುತ್ತದೆ. 1914ರಲ್ಲೇ ಮ್ಯಾಂಚೆಸ್ಟರಿನಲ್ಲಿ ರಾಬಿನ್ಸನ್ ಮತ್ತು ರಾಲಿನ್ಸನ್ ಎಕ್ಸ್-ಕಿರಣ ಹಾಯಿಸಿ ಪ್ರಯತ್ನಿಸಿದ್ದರು. ಅಂಥ ಪ್ರಯೋಗಗಳಲ್ಲಿ ಸಿಕ್ಕಿದ್ದು ಮಸುಕು ಪಟ್ಟಿಗಳು. ನಲವತ್ತು ವರ್ಷದ ನಂತರ, 1954ರಲ್ಲಿ, ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾಯ್ ಸೀಗ್‌ಬಾನ್ ತಂಡಕ್ಕೆ ಆ ಮಸುಕು ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಮೇಲ್ಮೈಯಿಂದ ಡಿಕ್ಕಿ ಇಲ್ಲದೆ ಪಾರಾಗಿ ಬಂದ ಎಲೆಕ್ಟ್ರಾನುಗಳವು, ಪೂರ್ತಿ ಚಿಲ್ಲರೆಯೊಂದಿಗೆ. ಬೀಟಾ ಕಿರಣ ಅಳೆಯಲು ಸೀಗ್‌ಬಾನ್ ಕಟ್ಟಿಕೊಂಡಿದ್ದ ಸೂಕ್ಷ್ಮ ಯಂತ್ರ ಇಲ್ಲದಿದ್ದರೆ ಆ ಗೆರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹತ್ತು ವರ್ಷದ ಮೇಲೆ, 1964ರಲ್ಲಿ, ಅವರು ಸೋಡಿಯಂ ಥಯೋಸಲ್ಫೇಟ್ ಪರೀಕ್ಷಿಸಿದರು. ಕಪ್ಪು-ಬಿಳುಪು ಫೋಟೋ ತೊಳೆಯುವ ಸ್ಟುಡಿಯೋಗಳಲ್ಲಿ 'ಹೈಪೊ' ಎನ್ನುತ್ತಿದ್ದರಲ್ಲ, ಅದೇ ಉಪ್ಪು. ಅದರಲ್ಲಿ ಎರಡು ಗಂಧಕದ ಪರಮಾಣುಗಳಿವೆ. ಗಂಧಕಕ್ಕೆ ಒಂದು ಗೆರೆ ಬರುವ ಕಡೆ ಎರಡು ಬಂದವು! ಒಂದು ಗಂಧಕ ನಡುವೆ ಕುಳಿತು ಮೂರು ಆಮ್ಲಜನಕಗಳಿಗೆ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಉಳಿದವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹೊರಗಿರುವ ಇನ್ನೊಂದಕ್ಕೆ ಆ ಒತ್ತಡವಿಲ್ಲ. ಅಂದರೆ, ಯಾವ ಧಾತು ಎಂಬುದಷ್ಟೇ ಅಲ್ಲ, ಅದರ ನೆರೆಹೊರೆ ಯಾರು ಎಂಬುದನ್ನೂ ಎಲೆಕ್ಟ್ರಾನ್ ಹೇಳುತ್ತದೆ. ಆಳದ ಎಲೆಕ್ಟ್ರಾನುಗಳು ದಾರಿಯಲ್ಲೇ ಸೋತು ಹೋಗುವುದರಿಂದ ಈ ವಿಧಾನ ಕಾಣುವುದು ಮೇಲಿನ ಕೆಲವು ನ್ಯಾನೋಮೀಟರ್ ಮಾತ್ರ. ರಾಬಿನ್ಸನ್‌ಗೆ ಅಡ್ಡಿಯಾಗಿದ್ದದ್ದೇ ಈಗ ವರವಾಯಿತು: ತುಕ್ಕು, ವೇಗವರ್ಧಕ, ಕಂಪ್ಯೂಟರ್ ಚಿಪ್ಪು, ಎಲ್ಲದರ ಮೇಲ್ಮೈಯನ್ನೂ ಹೀಗೆಯೇ ಓದುತ್ತಾರೆ.

ಇದೇ ಹೊತ್ತಿಗೆ ಲೆನಿನ್‌ಗ್ರಾಡಿನಲ್ಲಿ ವಿಲೆಸೊವ್ ಮತ್ತು ಸಂಗಡಿಗರು 1961ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡೇವಿಡ್ ಟರ್ನರ್ 1962ರಲ್ಲಿ, ಎಕ್ಸ್-ಕಿರಣದ ದೊಡ್ಡ ನೋಟು ಬಿಟ್ಟು ನೇರಳಾತೀತದ ಸಣ್ಣ ನೋಟು ಹಿಡಿದರು. ಟರ್ನರ್ ಬಳಸಿದ್ದು ಹೀಲಿಯಂ ದೀಪ. ಒಂದು ಗಂಟಿಗೆ 21.2 ಎಲೆಕ್ಟ್ರಾನ್ ವೋಲ್ಟ್. ನಾವು ಉಸಿರಾಡುವ ಗಾಳಿಯ ಬಹುಪಾಲು ಸಾರಜನಕ. ಅದರ ಮೇಲೆ ಈ ಬೆಳಕು ಬಿಟ್ಟರೆ 5.6 ವೋಲ್ಟ್ ಚಿಲ್ಲರೆಯ ಎಲೆಕ್ಟ್ರಾನುಗಳು ಬರುತ್ತವೆ, ಅಂದರೆ ಬೆಲೆ 15.6. ನಂತರ ಸುಮಾರು 16.7ರಿಂದ ಇನ್ನೊಂದು ಗುಂಪು, 18.8ರ ಬಳಿ ಮತ್ತೊಂದು. ನಡುವಿನ ಗುಂಪು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಸೀಳಿರುತ್ತದೆ. ಆ ಎಲೆಕ್ಟ್ರಾನ್ ಹೋದರೆ ಎರಡು ಪರಮಾಣುಗಳ ನಡುವಿನ ಬಂಧ ಸಡಿಲಾಗಿ ಅಣು ಕಂಪಿಸುತ್ತದೆ. ಎಂದರೆ ಬಂಧವನ್ನು ಬಿಗಿಯಾಗಿ ಹಿಡಿದಿದ್ದವರಲ್ಲಿ ಅದೂ ಒಂದು. ರಸಾಯನಶಾಸ್ತ್ರಜ್ಞರು ಕಾಗದದ ಮೇಲೆ ಬರೆಯುತ್ತಿದ್ದ ಎಲೆಕ್ಟ್ರಾನ್ ಕಕ್ಷೆಗಳಿಗೆ ಹೀಗೆ ಅಳತೆಯ ಆಧಾರ ಸಿಕ್ಕಿತು. ಕಕ್ಷೆಯ ಶಕ್ತಿಗೂ ಈ ಬೆಲೆಗೂ ನಂಟಿದೆ ಎಂದು 1934ರಲ್ಲೇ ಲೆಕ್ಕ ಹಾಕಿದ್ದ ಡಚ್ ಯುವಕ ಕೂಪ್‌ಮನ್ಸ್ ಆಮೇಲೆ ಭೌತಶಾಸ್ತ್ರ ಬಿಟ್ಟು, 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಬೆಲೆ ಕಟ್ಟುವ ಬುದ್ಧಿ ಎಲ್ಲಿದ್ದರೂ ಕೈಬಿಡುವುದಿಲ್ಲ ನೋಡಿ!

ಸೀಗ್‌ಬಾನ್ ಅವರಿಗೆ 1981ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಟರ್ನರ್‌ಗೂ ವಿಲೆಸೊವ್‌ಗೂ ಬರಲಿಲ್ಲ. ಅಣುಗಳ ಮಟ್ಟಿಗೆ ಟರ್ನರ್ ಮಾಡಿದ್ದು ಸೀಗ್‌ಬಾನ್ ಕೆಲಸಕ್ಕೆ ಸಮ ಎಂಬುದು ನನ್ನ ಅಭಿಪ್ರಾಯ.

ನಮ್ಮ ಬೆಂಗಳೂರಿಗೂ ಈ ವಿದ್ಯೆ ತಡವಾಗದೆ ಬಂತು. ಸಾವಯವ ಅಣುಗಳ ಮೇಲೆ ನೇರಳಾತೀತ ಬೆಳಕಿನ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ 1979ರಲ್ಲಿ ಪಿ.ಕೆ. ಬಸು, ಎಂ.ಎಸ್. ಹೆಗ್ಡೆ ಅವರೊಂದಿಗೆ ಸಮೀಕ್ಷೆ ಪ್ರಕಟಿಸಿದರು. 1987ರಲ್ಲಿ ಹೊಸ ಅತಿವಾಹಕಗಳ ಸುದ್ದಿ ಜಗತ್ತನ್ನೇ ಎಬ್ಬಿಸಿದಾಗ, ಅವುಗಳ ಒಳಗನ್ನು ನೋಡಲು ಅಲ್ಲಿನವರು ಕೈಗೆತ್ತಿಕೊಂಡ ಸಾಧನಗಳಲ್ಲಿ ಇದೂ ಇತ್ತು.

ಒಂದು ಪ್ರಶ್ನೆಯನ್ನು ಬಹುಕಾಲ ಯಾರೂ ಅಳೆಯಲಾಗಲಿಲ್ಲ. ಬೆಳಕು ಬಿದ್ದ ಕೂಡಲೇ ಎಲೆಕ್ಟ್ರಾನ್ ಹೊರಡುತ್ತದೆಯೇ? 2010ರಲ್ಲಿ ಜರ್ಮನಿಯ ಫೆರೆಂಕ್ ಕ್ರೌಸ್ ತಂಡ ನಿಯಾನ್ ಪರಮಾಣುವಿನ ಎರಡು ಕಕ್ಷೆಗಳನ್ನು ಹೋಲಿಸಿ, ಒಂದರ ಎಲೆಕ್ಟ್ರಾನ್ ಇನ್ನೊಂದಕ್ಕಿಂತ ಸುಮಾರು 21 ಅಟೊಸೆಕೆಂಡ್ ತಡವಾಗಿ ಹೊರಡುತ್ತದೆ ಎಂದಿತು. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ಕೋಟಿ ಮಾಡಿ, ಅದರದೊಂದು ಚೂರನ್ನು ಇನ್ನೂ ಹತ್ತು ಸಾವಿರ ಮಾಡಿದರೆ ಒಂದು ಅಟೊಸೆಕೆಂಡ್. ಸಿದ್ಧಾಂತದ ಲೆಕ್ಕ ಮಾತ್ರ ಅಷ್ಟು ದೊಡ್ಡ ಅಂತರಕ್ಕೆ ಒಪ್ಪಲಿಲ್ಲ. ಏಳು ವರ್ಷ ಹೀಗೇ ಜಗ್ಗಾಟ. 2017ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಆನ್ ಲುಯಿಲಿಯೆ ತಂಡ ಅದೇ ನಿಯಾನನ್ನು ಇನ್ನಷ್ಟು ಸೂಕ್ಷ್ಮವಾಗಿ ಅಳೆಯಿತು. ಒಂದು ಎಲೆಕ್ಟ್ರಾನ್ ಹೊರಡುವಾಗಲೇ ಇನ್ನೊಂದು ಅಲುಗಿ ಮೇಲಿನ ಕಕ್ಷೆಗೆ ಏರುವುದುಂಟು. ಹಳೆಯ ಅಳತೆಯಲ್ಲಿ ಆ ಎಲೆಕ್ಟ್ರಾನುಗಳೂ ಬೆರೆತಿರಬಹುದು ಎಂದು ತೋರಿಸಿತು. ಅವನ್ನು ಬೇರ್ಪಡಿಸಿದಾಗ ಪ್ರಯೋಗವೂ ಸಿದ್ಧಾಂತವೂ ತಾಳೆಯಾದವು. 2023ರ ಭೌತಶಾಸ್ತ್ರದ ನೊಬೆಲ್ ಪಿಯೆರ್ ಅಗೊಸ್ಟಿನಿ, ಕ್ರೌಸ್ ಮತ್ತು ಲುಯಿಲಿಯೆ ಮೂವರಿಗೂ ಸೇರಿ ಬಂತು.