ಬೆಳ್ಳಿಯ ಲವಣ ಮತ್ತು ನರಕೋಶದ ಶೋಧ

ಪ್ರಾಣಿಗಳ ದೇಹವೆಲ್ಲ ಜೀವಕೋಶಗಳಿಂದಲೇ ಕಟ್ಟಿಕೊಂಡಿದೆ ಎಂಬ ಸಿದ್ಧಾಂತವನ್ನು ಥಿಯೋಡೋರ್ ಶ್ವಾನ್ 1839ರಲ್ಲಿ ಮಂಡಿಸಿದ ಮೇಲೂ, ಮೆದುಳು ಮತ್ತು ಬೆನ್ನುಹುರಿಗಳು ಆ ಮಾತಿಗೆ ಒಳಪಡುತ್ತವೆಯೇ ಎಂಬ ಸಂಶಯ ಸುಮಾರು ಅರ್ಧ ಶತಮಾನ ಹಾಗೆಯೇ ಉಳಿದಿತ್ತು. ನರಕೋಶದಿಂದ ಹೊರಡುವ ಎಳೆಗಳು ಅತಿ ಸಣ್ಣವು. ಸಾವಿರಾರು ಕೋಶಗಳ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಅಂದಿನ ಕಾರ್ಮೈನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಯಾವ ಎಳೆ ಯಾವ ಕೋಶದ್ದು, ಅದು ಎಲ್ಲಿ ಕೊನೆಗಾಣುತ್ತದೆ ಎಂಬುದು ತಿಳಿಯುತ್ತಿರಲಿಲ್ಲ. ಈ ಅಸ್ಪಷ್ಟತೆಯಿಂದಲೇ, ಎಳೆಗಳೆಲ್ಲ ಕೂಡಿ ಎಡೆಬಿಡದ ಒಂದೇ ಜಾಲವಾಗಿವೆ ಎಂಬ ವಾದ ಹುಟ್ಟಿತು. ಜರ್ಮನಿಯ ಜೋಸೆಫ್ ಫಾನ್ ಗರ್ಲಾಖ್ ಇದರ ಮುಖ್ಯ ಪ್ರತಿಪಾದಕರಾಗಿದ್ದರು.

ಈ ಕಗ್ಗಂಟನ್ನು ಬಿಡಿಸಿದ್ದು ಹೊಸ ತರ್ಕವಲ್ಲ, ಹೊಸ ಕೈಗೆಲಸ. ಮಿಲಾನ್ ನಗರಕ್ಕೆ ಸಮೀಪದ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿ, ವಾಸಿಯಾಗದ ರೋಗಿಗಳ ಆಸ್ಪತ್ರೆಯೊಂದರ ವೈದ್ಯರಾಗಿದ್ದ ಕ್ಯಾಮಿಲ್ಲೊ ಗಾಲ್ಗಿ, ಅಡುಗೆಮನೆಯೊಂದನ್ನೇ ಪ್ರಯೋಗಶಾಲೆ ಮಾಡಿಕೊಂಡು ಕೆಲಸ ಮಾಡುತ್ತಿದ್ದರು. ಮೆದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿಟ್ಟು ಗಟ್ಟಿಗೊಳಿಸಿ, ಬಳಿಕ ಸಿಲ್ವರ್ ನೈಟ್ರೇಟಿನಲ್ಲಿ ನೆನೆಸಿದರೆ, ಕೋಶದೊಳಗೆ ಸಿಲ್ವರ್ ಕ್ರೋಮೇಟ್ ಎಂಬ ಲವಣ ಕೂತು, ಹಳದಿ ಹಿನ್ನೆಲೆಯ ಮೇಲೆ ಇಡೀ ಕೋಶ ತನ್ನ ಕವಲುಗಳೊಂದಿಗೆ ಕಪ್ಪಾಗಿ ಮೂಡುತ್ತದೆ ಎಂಬುದನ್ನು ಅವರು 1873ರಲ್ಲಿ ಪ್ರಕಟಿಸಿದರು. ಈ ಲವಣ ನೂರರಲ್ಲಿ ಕೆಲವೇ ಕೋಶಗಳನ್ನು ಹಿಡಿಯುತ್ತದೆ. ಮೇಲುನೋಟಕ್ಕೆ ಇದು ವಿಧಾನದ ಕೊರತೆಯೆನಿಸಿದರೂ ಅದರ ಹಿರಿಮೆ ಇರುವುದೇ ಇಲ್ಲಿ. ಎಲ್ಲ ಕೋಶಗಳೂ ಕಪ್ಪಾಗಿದ್ದರೆ ಕಾಣುತ್ತಿದ್ದದ್ದು ಬರಿಯ ಕಪ್ಪು ಮಾತ್ರ.

ಆದರೂ ಗಾಲ್ಗಿ ಜಾಲವಾದವನ್ನು ಬಿಡಲಿಲ್ಲ. ಮೆದುಳು ಬಿಡಿಬಿಡಿ ಭಾಗಗಳಾಗಿ ಅಲ್ಲ, ಇಡಿಯಾಗಿ ಕೆಲಸ ಮಾಡುತ್ತದೆಂದು ನಂಬಿದ್ದ ಅವರಿಗೆ ಜಾಲವೇ ಸಹಜವಾಗಿ ತೋರಿತು. ಈ ನಿಲುವನ್ನು ಬರಿಯ ಹಟವೆಂದು ತಳ್ಳಿಹಾಕುವುದು ನ್ಯಾಯವಾಗದು.

ಸ್ಪೇನಿನ ಸಾಂಟಿಯಾಗೊ ರಾಮೊನ್ ಇ ಕಹಾಲ್ ಈ ವಿಧಾನದ ಫಲವನ್ನು ಮೊದಲು ಕಂಡದ್ದು 1887ರಲ್ಲಿ, ಮ್ಯಾಡ್ರಿಡ್‌ನಲ್ಲಿ ಲೂಯಿಸ್ ಸಿಮಾರೊ ಎಂಬ ವೈದ್ಯರ ಬಳಿ. ಬಾರ್ಸಿಲೋನಾಕ್ಕೆ ಹೋದ ಕಹಾಲ್ ಅದರಲ್ಲಿ ಎರಡು ಮಾರ್ಪಾಡು ಮಾಡಿದರು. ಒಂದೇ ತುಣುಕನ್ನು ದ್ರಾವಣಗಳಲ್ಲಿ ಎರಡು ಸಲ ನೆನೆಸಿದ್ದು ಮೊದಲನೆಯದು. ಬೆಳೆದ ಪ್ರಾಣಿಗಳ ಬದಲು ಭ್ರೂಣಗಳನ್ನೂ ಎಳೆಯ ಮರಿಗಳನ್ನೂ ಆರಿಸಿಕೊಂಡದ್ದು ಎರಡನೆಯದು, ಅದಕ್ಕಿಂತ ಮುಖ್ಯವಾದದ್ದು: ಬೆಳೆದ ನರದ ಎಳೆಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ, ಅದು ಬೆಳ್ಳಿಯ ಲವಣವನ್ನು ಒಳಬಿಡುವುದಿಲ್ಲ, ಎಳೆಯ ಜೀವಿಯಲ್ಲಿ ಆ ಹೊದಿಕೆ ಇನ್ನೂ ಮೂಡಿರದ ಕಾರಣ ಎಳೆಯನ್ನು ತುದಿಯವರೆಗೂ ಹಿಂಬಾಲಿಸಬಹುದು. ಪಕ್ಷಿಗಳ ಅನುಮಸ್ತಿಷ್ಕದಲ್ಲಿ, ಅಂದರೆ ಚಲನೆಯನ್ನು ಹದಗೊಳಿಸುವ ಹಿಂಬದಿಯ ಚಿಕ್ಕ ಮೆದುಳಿನಲ್ಲಿ, ಎಳೆಗಳು ಪಕ್ಕದ ಕೋಶವನ್ನು ಸಮೀಪಿಸಿ ಅದರೊಡನೆ ಬೆಸೆದುಕೊಳ್ಳದೆ ಕೊನೆಗೊಳ್ಳುವುದನ್ನು ಕಂಡು, 1888ರಲ್ಲಿ ತಮ್ಮ ಖರ್ಚಿನಲ್ಲೇ ಹೊರಡಿಸಿದ ಪತ್ರಿಕೆಯಲ್ಲಿ ಅವರು ಅದನ್ನು ವರದಿ ಮಾಡಿದರು. ಮರುವರ್ಷ ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞರ ಸಭೆಗೆ ಸೂಕ್ಷ್ಮದರ್ಶಕ ಮತ್ತು ಗಾಜಿನ ಪಟ್ಟಿಗಳನ್ನು ಹೊತ್ತೊಯ್ದು, ಹಿರಿಯ ವಿದ್ವಾಂಸ ಆಲ್ಬರ್ಟ್ ಫಾನ್ ಕೊಲಿಕರ್ ಅವರಿಗೆ ತೋರಿಸಿ ಒಪ್ಪಿಸಿದರು.

1891ರಲ್ಲಿ ವಿಲ್ಹೆಲ್ಮ್ ವಾಲ್ಡೆಯರ್ ಈ ಬಿಡಿಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು. ಸಂಕೇತಗಳನ್ನು ಬರಮಾಡಿಕೊಳ್ಳುವ ಕವಲುಗಳು ಡೆಂಡ್ರೈಟ್‌ಗಳು, ಹೊರಗೆ ಸಾಗಿಸುವ ನೀಳ ಎಳೆ ಆಕ್ಸಾನ್, ಒಂದು ಕೋಶದ ಆಕ್ಸಾನ್ ಇನ್ನೊಂದನ್ನು ಸಂಧಿಸುವ ತಾಣ ಸಿನಾಪ್ಸ್ ಎಂಬ ಪರಿಭಾಷೆ ಅದೇ ದಶಕದಲ್ಲಿ ನೆಲೆಗೊಂಡಿತು. 1906ರ ನೊಬೆಲ್ ಪ್ರಶಸ್ತಿಯನ್ನು ಗಾಲ್ಗಿ ಮತ್ತು ಕಹಾಲ್ ಇಬ್ಬರೂ ಹಂಚಿಕೊಂಡರು. ಗಾಲ್ಗಿ ಅಲ್ಲಿನ ತಮ್ಮ ಉಪನ್ಯಾಸವನ್ನು ನ್ಯೂರಾನ್ ಸಿದ್ಧಾಂತದ ಖಂಡನೆಗೇ ಮೀಸಲಿಟ್ಟರು. 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಸಿನಾಪ್ಸ್‌ನಲ್ಲಿ ಸುಮಾರು 20 ನ್ಯಾನೋಮೀಟರ್ ಅಗಲದ ಬಿರುಕನ್ನು ತೋರಿಸಿ ಕಹಾಲರ ಮಾತನ್ನು ಸ್ಥಿರಪಡಿಸಿತು; ಆದರೆ ಅದೇ ದಶಕದ ಕೊನೆಯಲ್ಲಿ, ಸಿಹಿನೀರಿನ ಸೀಗಡಿ ಜಾತಿಯ ಕ್ರೇಫಿಶ್‌ನ ನರಗಳಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ವಿದ್ಯುತ್ತು ನೇರವಾಗಿ ಹರಿಯುವ ಸಂಧಿಗಳೂ ಕಂಡುಬಂದವು.